ಅಣ್ಣನಿಗೆ ಸ್ಕಿಜೋಫ್ರೇನಿಯಾ: ಜೀನ್ ಪರೀಕ್ಷೆ ಯಾರಿಗೆ, ಯಾವುದು?

ಪ್ರಶ್ನೆ: ನನಗೆ 26 ವರ್ಷ, ಅಣ್ಣನಿಗೆ 29. ಆರು ವರ್ಷದಿಂದ ಅವನು ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ತಗೊಳ್ತಿದ್ದಾನೆ. ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ಇನ್ನಾರಿಗೂ ಈ ಕಾಯಿಲೆ ಇಲ್ಲ. ಇದು ಜೀನ್ ಮ್ಯುಟೇಶನ್‌ನಿಂದ ಬರುತ್ತದೆ ಅಂತ ಓದಿದೆ. ಮನೆತನದಲ್ಲೇ ಇಲ್ಲದ್ದು ಅವನೊಬ್ಬನಿಗೆ ಹೇಗೆ ಬಂತು? ನನಗೆ ಸೋದರಮಾವನ ಮಗನ ಜೊತೆ ಮದುವೆ ಮಾತುಕತೆ ನಡೆಯುತ್ತಿದೆ. ಎಂಜಲಿನ ಸ್ಯಾಂಪಲ್ ಕಳಿಸಿದರೆ ಜೀನ್ ರಿಪೋರ್ಟ್ ಕೊಡುವ ಕಂಪನಿಗಳಿವೆಯಂತೆ, ನಾನು ಮಾಡಿಸಲೇ? ಅಣ್ಣನಿಗೆ ಹುಟ್ಟುವಾಗಲೇ ಹೃದಯದಲ್ಲಿ ತೂತು ಇತ್ತು, ಎರಡನೇ ವರ್ಷಕ್ಕೆ ಆಪರೇಷನ್ ಆಯಿತು. ಈಗಲೂ ಮೂಗಿನಲ್ಲೇ ಮಾತಾಡುತ್ತಾನೆ. ಇದನ್ನು ಸುಮ್ಮನೆ ತಿಳಿಸಿದ್ದೇನೆ. (ಓದುಗರು, ದಾವಣಗೆರೆ)

ಉತ್ತರ: ನೀವು ಸುಮ್ಮನೆ ತಿಳಿಸಿದ ಕೊನೆಯ ಸಾಲುಗಳೇ ಇಡೀ ಪತ್ರದಲ್ಲಿ ಮುಖ್ಯವಾದವು. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಮೂಗಿನಿಂದ ಹೊರಡುವ ಮಾತು, ಇಪ್ಪತ್ತರ ಆಸುಪಾಸಿನಲ್ಲಿ ಶುರುವಾದ ಸ್ಕಿಜೋಫ್ರೇನಿಯಾ. ಈ ಮೂರೂ ಒಬ್ಬರಲ್ಲೇ ಇದ್ದಾಗ, 22ನೇ ಕ್ರೋಮೋಸೋಮ್‌ನ, ಅಂದರೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಯ, ಒಂದು ತುಣುಕು ಅವರಲ್ಲಿ ಬಿಟ್ಟುಹೋಗಿದೆಯೇ ಎಂದು ನೋಡಲೇಬೇಕು. ಹೃದಯದ ಡಾಕ್ಟರು ಹೃದಯ ನೋಡಿ ಕಳಿಸಿರುತ್ತಾರೆ. ಇಪ್ಪತ್ತು ವರ್ಷದ ಮೇಲೆ ಮನೋವೈದ್ಯರ ಹತ್ತಿರ ಹೋದಾಗ ಆ ಹಳೆಯ ಆಪರೇಷನ್ ವಿಷಯವನ್ನು ಮನೆಯವರು ಹೇಳಿರುವುದಿಲ್ಲ, ಅವರೂ ಕೇಳಿರುವುದಿಲ್ಲ. ಹೀಗಾಗಿ ಎರಡನ್ನೂ ಜೋಡಿಸಿ ನೋಡುವುದು ತಪ್ಪಿಹೋಗುತ್ತದೆ. ಪರೀಕ್ಷೆ ಆಗಬೇಕಾದದ್ದು ಮೊದಲು ನಿಮ್ಮ ಅಣ್ಣನಿಗೆ. ನಿಮಗೆ ಬೇಕೋ ಬೇಡವೋ ಎಂಬುದು ಅದರ ಫಲಿತಾಂಶ ಬಂದ ಮೇಲಿನ ಮಾತು. ಎಂಜಲಿನ ಕಿಟ್ಟಿಗೆ ಹಣ ಹಾಕಬೇಡಿ, ಕಾರಣ ಮುಂದೆ ಬರುತ್ತದೆ.

ಮೊದಲು ಮ್ಯುಟೇಶನ್‌ನಿಂದ ಈ ಕಾಯಿಲೆ ಬರುವ ಬಗೆಯನ್ನು ನೋಡೋಣ. ಡಿಎನ್‌ಎಯಲ್ಲಿನ ಬದಲಾವಣೆಗಳು ಎರಡು ತುದಿಯವು. ಒಂದು ತುದಿಯಲ್ಲಿ ನಮ್ಮ ನಿಮ್ಮೆಲ್ಲರಲ್ಲೂ ಇರುವ, ಒಂದೊಂದೂ ಬಹಳ ಸಣ್ಣ ಪರಿಣಾಮದ ಬದಲಾವಣೆಗಳು. ಇನ್ನೊಂದು ತುದಿಯಲ್ಲಿ ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವ, ಆದರೆ ಒಂದೇ ಇದ್ದರೂ ಅಪಾಯವನ್ನು ಹಲವು ಪಟ್ಟು ಏರಿಸುವ ಬದಲಾವಣೆಗಳು. ಸ್ಕಿಜೋಫ್ರೇನಿಯಾ ಇರುವ ಬಹುಪಾಲು ಜನರಲ್ಲಿ ಕೆಲಸ ಮಾಡಿರುವುದು ಮೊದಲನೆಯವು. ನಿಮ್ಮ ಅಣ್ಣನಲ್ಲಿ ಎರಡನೆಯದು ಇರಬಹುದೆಂಬ ಅನುಮಾನ.

ಮೊದಲ ಬಗೆಯ ಬದಲಾವಣೆಗಳನ್ನು ಹುಡುಕಲು ಅಪಾರ ಸಂಖ್ಯೆಯ ಜನ ಬೇಕಾಯಿತು. ಹಲವು ದೇಶಗಳ ಸಂಶೋಧಕರು ಸೇರಿದ ಸೈಕಿಯಾಟ್ರಿಕ್ ಜೀನೋಮಿಕ್ಸ್ ಕನ್ಸಾರ್ಷಿಯಂ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 76,755 ರೋಗಿಗಳನ್ನೂ ಕಾಯಿಲೆಯಿಲ್ಲದ 2,43,649 ಜನರನ್ನೂ ಹೋಲಿಸಿ, ಕ್ರೋಮೋಸೋಮ್‌ಗಳ ಮೇಲೆ 287 ಜಾಗಗಳನ್ನು ಗುರುತಿಸಲಾಯಿತು. ಒಂದೊಂದು ಜಾಗದ ಬದಲಾವಣೆಯೂ ಅಪಾಯವನ್ನು ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಏರಿಸುತ್ತದೆ, ಅಂದರೆ ನೂರರಲ್ಲಿ ಒಂದಿದ್ದದ್ದು 1.05 ಅಥವಾ 1.1 ಆಗುತ್ತದೆ. ಇಂಥವು ನೂರಾರು ಒಬ್ಬರಲ್ಲೇ ಗುಂಪುಗೂಡಿದಾಗ ಮಾತ್ರ ಲೆಕ್ಕಕ್ಕೆ ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ಜೀನ್‌ನ ಒಳಗೆ ಇಲ್ಲ. ಅಕ್ಕಪಕ್ಕದಲ್ಲಿದ್ದು, ಆ ಜೀನ್ ಮಿದುಳಿನ ಯಾವ ಜೀವಕೋಶದಲ್ಲಿ, ಯಾವ ವಯಸ್ಸಿನಲ್ಲಿ, ಎಷ್ಟು ಕೆಲಸ ಮಾಡಬೇಕು ಎಂಬುದನ್ನು ತುಸು ಏರುಪೇರು ಮಾಡುತ್ತವೆ.

ಇದಕ್ಕೆ ಚೆನ್ನಾಗಿ ಬಿಡಿಸಿ ನೋಡಿದ ಉದಾಹರಣೆ ಸಿ4 ಎಂಬ ಜೀನ್. 6ನೇ ಕ್ರೋಮೋಸೋಮ್‌ನಲ್ಲಿ, ರೋಗನಿರೋಧಕ ಶಕ್ತಿಗೆ ಸೇರಿದ ಜೀನ್‌ಗಳ ಗುಂಪಿನಲ್ಲಿ ಇದು ಇದೆ. ಇದರ ಪ್ರೊಟೀನು ರಕ್ತದಲ್ಲಿ ಬ್ಯಾಕ್ಟೀರಿಯಾಗಳಿಗೆ ಗುರುತು ಹಚ್ಚುತ್ತದೆ, ಗುರುತು ಬಿದ್ದದ್ದನ್ನು ಬಿಳಿ ರಕ್ತಕಣಗಳು ನುಂಗುತ್ತವೆ. ಮಿದುಳಿನಲ್ಲಿ ಇದೇ ಪ್ರೊಟೀನು ನರಕೋಶಗಳು ಸೇರುವ ಸಂದುಗಳಿಗೆ, ಅಂದರೆ ಸಿನಾಪ್ಸ್‌ಗಳಿಗೆ, ಗುರುತು ಹಚ್ಚುತ್ತದೆ. ಗುರುತು ಬಿದ್ದ ಸಿನಾಪ್ಸ್‌ಗಳನ್ನು ಮೈಕ್ರೋಗ್ಲಿಯಾ ಎಂಬ ಕೋಶಗಳು ತೆಗೆದುಹಾಕುತ್ತವೆ. ಹರೆಯದಲ್ಲಿ ಬೇಡದ ಸಿನಾಪ್ಸ್‌ಗಳು ಹೀಗೆ ಕಡಿಮೆಯಾಗುವುದು ಎಲ್ಲರಲ್ಲೂ ನಡೆಯುವ ಸಹಜ ಕೆಲಸ. ಸಿ4 ಜೀನ್‌ನ ‘ಎ’ ರೂಪದ ಪ್ರತಿಗಳು ಕೆಲವರಲ್ಲಿ ಹೆಚ್ಚಿರುತ್ತವೆ. 2016ರಲ್ಲಿ ಹಾರ್ವರ್ಡ್ ಮತ್ತು ಬ್ರಾಡ್ ಸಂಸ್ಥೆಯ ಸಂಶೋಧಕರು ತೋರಿಸಿದಂತೆ, ಈ ರೂಪ ಮಿದುಳಿನಲ್ಲಿ ಹೆಚ್ಚು ತಯಾರಾದಷ್ಟೂ ಸ್ಕಿಜೋಫ್ರೇನಿಯಾದ ಅಪಾಯ ಹೆಚ್ಚು. ಕಾಯಿಲೆ ಹದಿನೆಂಟರಿಂದ ಮೂವತ್ತರ ನಡುವೆ ಹೆಚ್ಚಾಗಿ ತಲೆದೋರುವುದಕ್ಕೂ ಹರೆಯದ ಈ ಕೆಲಸಕ್ಕೂ ನಂಟು ಇರಬಹುದೆಂಬ ಊಹೆಗೆ ಇದರಿಂದ ಬಲ ಬಂತು. ಆದರೆ ಅತಿ ಹೆಚ್ಚು ಅಪಾಯದ ಸಿ4 ಇದ್ದವರಲ್ಲೂ ಏರಿಕೆ ಒಂದೂಕಾಲು ಪಟ್ಟಿನ ಆಸುಪಾಸು ಮಾತ್ರ. ಸಿ4 ಟೆಸ್ಟ್ ಮಾಡಿಸಿ ಕಾಯಿಲೆ ಹೇಳಲಾಗದು.

ಎರಡನೇ ಬಗೆಗೆ ಬರೋಣ. ಡಿಎನ್‌ಎಯನ್ನು ಉದ್ದನೆಯ ಬರಹವೆಂದುಕೊಂಡರೆ, ಅದರ ಒಂದೇ ಒಂದು ಅಕ್ಷರ ಬದಲಾಗಿ ಅಥವಾ ಬಿಟ್ಟುಹೋಗಿ ಪ್ರೊಟೀನು ಅರ್ಧಕ್ಕೇ ನಿಂತುಬಿಡುವ ಮ್ಯುಟೇಶನ್‌ಗಳಿವೆ. 24,248 ರೋಗಿಗಳ ಜೀನ್‌ಗಳನ್ನು ಪೂರ್ತಿ ಓದಿ 2022ರಲ್ಲೇ ಬಂದ ಇನ್ನೊಂದು ಅಧ್ಯಯನ ಇಂಥ ಹತ್ತು ಜೀನ್‌ಗಳನ್ನು ಖಚಿತಪಡಿಸಿತು. ಸೆಟ್‌ಡಿ1ಎ, ಗ್ರಿನ್2ಎ ಅವುಗಳಲ್ಲಿ ಎರಡು. ಗ್ರಿನ್2ಎ ಗಮನ ಸೆಳೆಯುವುದು ಮೇಲಿನ 287 ಜಾಗಗಳ ಪಟ್ಟಿ, ಈ ಹತ್ತು ಜೀನ್‌ಗಳ ಪಟ್ಟಿ ಎರಡರಲ್ಲೂ ಅದು ಇರುವುದರಿಂದ. ಅದು ತಯಾರಿಸುವುದು ಗ್ಲುಟಮೇಟ್ ಎಂಬ ರಾಸಾಯನಿಕದ ಸಂಕೇತವನ್ನು ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್‌ನ ಒಂದು ಭಾಗವನ್ನು. ಅರಿವಳಿಕೆಗೆ ಬಳಸುವ ಕೆಟಮಿನ್ ಇದೇ ರಿಸೆಪ್ಟರನ್ನು ತಡೆಯುತ್ತದೆ. ಕೆಟಮಿನ್ ಕೊಟ್ಟ ಆರೋಗ್ಯವಂತರಲ್ಲಿ ಸ್ವಲ್ಪ ಹೊತ್ತು ಸ್ಕಿಜೋಫ್ರೇನಿಯಾದಂಥದೇ ಲಕ್ಷಣಗಳು ಕಾಣುತ್ತವೆ ಎಂಬುದು ದಶಕಗಳಿಂದ ಗೊತ್ತಿತ್ತು. ಹಳೆಯ ಲೇಖನಗಳಲ್ಲಿ ಡಿಸ್ಕ್1 ಎಂಬ ಜೀನ್ ಹೆಸರು ಸಿಕ್ಕರೆ ತಲೆ ಕೆಡಿಸಿಕೊಳ್ಳಬೇಡಿ. ಸ್ಕಾಟ್ಲೆಂಡಿನ ಒಂದು ಕುಟುಂಬದಲ್ಲಿ ಸಿಕ್ಕ ಅದು ಬಹಳ ಹೆಸರು ಮಾಡಿತು, ದೊಡ್ಡ ಅಧ್ಯಯನಗಳು ಬಂದ ಮೇಲೆ ಬೆಂಬಲ ಸಿಗಲಿಲ್ಲ.

ಒಂದಕ್ಷರಕ್ಕೆ ನಿಲ್ಲದೆ, ಹತ್ತಾರು ಜೀನ್‌ಗಳಿರುವ ತುಣುಕೇ ಬಿಟ್ಟುಹೋಗುವುದೂ ಉಂಟು, ಎರಡೆರಡು ಸಲ ಬರುವುದೂ ಉಂಟು. 1ಕ್ಯೂ21.1, 3ಕ್ಯೂ29, 15ಕ್ಯೂ13.3 ಜಾಗಗಳಲ್ಲಿ (ಮೊದಲ ಅಂಕಿ ಕ್ರೋಮೋಸೋಮ್‌ನದು, ಉಳಿದದ್ದು ಅದರ ಮೇಲಿನ ಜಾಗದ್ದು) ತುಣುಕು ಇಲ್ಲದಿರುವುದು, 16ಪಿ11.2ರಲ್ಲಿ ತುಣುಕು ಹೆಚ್ಚಿರುವುದು, ನ್ಯೂರೆಕ್ಸಿನ್1 ಜೀನ್‌ನ ಭಾಗ ಕಳೆದಿರುವುದು ಇವೆಲ್ಲ ಸ್ಕಿಜೋಫ್ರೇನಿಯಾದ ಜೊತೆ ಖಚಿತವಾಗಿ ನಂಟಿರುವವು. ಎಲ್ಲ ಸೇರಿದರೂ ನೂರು ರೋಗಿಗಳಲ್ಲಿ ಎರಡು ಮೂರು ಜನರಲ್ಲಿ ಮಾತ್ರ ಕಾಣುತ್ತವೆ. ಇವುಗಳಲ್ಲಿ ನಮಗೆ ಅತಿ ಚೆನ್ನಾಗಿ ಗೊತ್ತಿರುವುದು 22ಕ್ಯೂ11.2 ಡಿಲೀಶನ್, ಅಂದರೆ 22ನೇ ಕ್ರೋಮೋಸೋಮ್‌ನ ಆ ಜಾಗದ ತುಣುಕು ಬಿಟ್ಟುಹೋಗಿರುವುದು.

22ನೇ ಕ್ರೋಮೋಸೋಮ್‌ನ ಈ ಭಾಗದಲ್ಲಿ ಒಂದನ್ನೊಂದು ಬಹುಮಟ್ಟಿಗೆ ಹೋಲುವ ಡಿಎನ್‌ಎ ಪಟ್ಟಿಗಳು ಅಲ್ಲಲ್ಲಿ ಇವೆ. ಎ, ಬಿ, ಸಿ, ಡಿ ಎಂದು ಅವಕ್ಕೆ ಹೆಸರು. ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ ಅಪ್ಪನಿಂದ ಬಂದ ಕ್ರೋಮೋಸೋಮ್ ಮತ್ತು ಅಮ್ಮನಿಂದ ಬಂದ ಕ್ರೋಮೋಸೋಮ್ ಪಕ್ಕಪಕ್ಕ ನಿಂತು ಭಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಗ ಅಂಗಿಯ ಗುಂಡಿಯನ್ನು ಬೇರೆ ಕಾಜಕ್ಕೆ ಹಾಕಿದಂತೆ ‘ಎ’ ಪಟ್ಟಿ ಎದುರಿನ ‘ಡಿ’ ಪಟ್ಟಿಗೆ ಜೋಡಿಯಾದರೆ, ನಡುವಿನ ಸುಮಾರು 30 ಲಕ್ಷ ಅಕ್ಷರಗಳು ಒಂದು ಕಡೆ ಕಳೆದುಹೋಗುತ್ತವೆ. ಹೀಗೆ ಹೋಗುವ ಜೀನ್‌ಗಳು ನಲವತ್ತಕ್ಕೂ ಹೆಚ್ಚು. ಇನ್ನೊಂದು ಕ್ರೋಮೋಸೋಮ್‌ನಲ್ಲಿ ಅವುಗಳ ಒಂದೊಂದು ಪ್ರತಿ ಉಳಿದಿರುತ್ತದೆ, ಆದರೆ ಕೆಲವು ಜೀನ್‌ಗಳಿಗೆ ಒಂದು ಪ್ರತಿ ಸಾಲದು. ಟಿಬಿಎಕ್ಸ್1 ಎಂಬ ಜೀನ್ ಒಂದೇ ಪ್ರತಿಯಾದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು, ಅಂಗುಳು, ರೋಗನಿರೋಧಕ ಕಣಗಳು ಬಲಿಯುವ ಥೈಮಸ್, ರಕ್ತದ ಕ್ಯಾಲ್ಸಿಯಂ ಹದದಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸರಿಯಾಗಿ ಬೆಳೆಯುವುದಿಲ್ಲ. ಫ್ಯಾಲೋಟ್ಸ್ ಟೆಟ್ರಾಲಜಿ ಎಂಬ, ನಾಲ್ಕು ದೋಷ ಒಟ್ಟಿಗಿರುವ ಹೃದಯದ ತೊಂದರೆ, ಹೃದಯದ ಗೋಡೆಯಲ್ಲಿ ತೂತು, ಅಂಗುಳು ಮೇಲಕ್ಕೆ ಮುಚ್ಚದೆ ಗಾಳಿ ಮೂಗಿಗೆ ನುಗ್ಗುವುದರಿಂದ ಬರುವ ಅನುನಾಸಿಕ ದನಿ, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವುದು ಇವೆಲ್ಲ ಒಟ್ಟಿಗೆ ಬರುವುದು ಈ ಕಾರಣಕ್ಕೆ. ಅಂಗುಳು ಸೀಳಿಲ್ಲದಿದ್ದರೂ ದನಿ ಹೀಗೆ ಕೇಳಿಸಬಹುದು, ಆದ್ದರಿಂದ ‘ಬಾಯಿ ನೋಡಿದರು, ಸರಿಯಿದೆ ಅಂದರು’ ಎಂಬ ಮಾತು ಸಾಲದು.

ಮನಸ್ಸಿನ ಕಾಯಿಲೆಗೆ ಇದೇ ತುಣುಕಿನಲ್ಲಿ ಒಂದು ಜೀನನ್ನು ಬೆರಳು ಮಾಡಿ ತೋರಿಸಲಾಗಿಲ್ಲ. ಡೋಪಮಿನ್ ಒಡೆಯುವ ಕಾಮ್ಟ್, ಪ್ರೋಲಿನ್ ಕರಗಿಸುವ ಪ್ರೋಡಿಎಚ್, ನೂರಾರು ಜೀನ್‌ಗಳ ಕೆಲಸವನ್ನು ಹದಮಾಡುವ ಮೈಕ್ರೋಆರ್‌ಎನ್‌ಎಗಳಿಗೆ ಬೇಕಾದ ಡಿಜಿಸಿಆರ್8 ಎಲ್ಲವೂ ಅರ್ಧಕ್ಕೆ ಇಳಿದಿರುತ್ತವೆ. ಒಟ್ಟು ಫಲ ಇಷ್ಟು: ಈ ಡಿಲೀಶನ್ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸ್ಕಿಜೋಫ್ರೇನಿಯಾ ಅಥವಾ ಅದೇ ಬಗೆಯ ಕಾಯಿಲೆ ಬರುತ್ತದೆ. ಸಾಮಾನ್ಯ ಜನರಲ್ಲಿ ಇದು ನೂರರಲ್ಲಿ ಒಬ್ಬರು. ಉಳಿದ ಮೂವರಿಗೆ ಏಕೆ ಬರುವುದಿಲ್ಲ? ಮೊದಲ ಬಗೆಯ ಸಣ್ಣ ಬದಲಾವಣೆಗಳು ಇಲ್ಲಿ ಮತ್ತೆ ಬರುತ್ತವೆ. ಡಿಲೀಶನ್ ಇದ್ದವರಲ್ಲೂ ಆ ಸಣ್ಣ ಬದಲಾವಣೆಗಳ ಹೊರೆ ಹೆಚ್ಚಿದ್ದವರಲ್ಲೇ ಕಾಯಿಲೆ ಹೆಚ್ಚು ಕಂಡಿದೆ. ಇದೇ ತುಣುಕು ಕಳೆಯುವ ಬದಲು ಇಮ್ಮಡಿಯಾದವರಲ್ಲಿ ಸ್ಕಿಜೋಫ್ರೇನಿಯಾ ಸಾಮಾನ್ಯ ಜನರಿಗಿಂತಲೂ ಕಡಿಮೆ ಎಂದು ತೋರಿಬಂದಿದೆ.

ಈಗ ನಿಮ್ಮ ಮೊದಲ ಪ್ರಶ್ನೆ: ಯಾರಿಗೂ ಇಲ್ಲದ್ದು ಇವನಿಗೆ ಹೇಗೆ? 22ಕ್ಯೂ11.2 ಡಿಲೀಶನ್ ಹತ್ತರಲ್ಲಿ ಒಂಬತ್ತು ಸಲ ಅಪ್ಪ ಅಮ್ಮ ಇಬ್ಬರಲ್ಲೂ ಇರುವುದಿಲ್ಲ. ಆ ಒಂದು ವೀರ್ಯಾಣು ಅಥವಾ ಅಂಡಾಣುವಿನಲ್ಲಿ ಹೊಸದಾಗಿ ಆದದ್ದು. ಹೊಸ ಮ್ಯುಟೇಶನ್ ಅಂದರೆ ಯಾರದೋ ತಪ್ಪು ಎಂದು ಹೆತ್ತವರು ಕೊರಗುವುದುಂಟು. ಹುಟ್ಟುವ ಪ್ರತಿ ಮಗುವೂ ಇಂಥ ಅರವತ್ತು ಎಪ್ಪತ್ತು ಒಂದಕ್ಷರದ ಹೊಸ ಬದಲಾವಣೆಗಳನ್ನು ಹೊತ್ತೇ ಬರುತ್ತದೆ, ಬಹುಪಾಲು ಏನೂ ಮಾಡುವುದಿಲ್ಲ. ಐಸ್‌ಲೆಂಡಿನ ಕುಟುಂಬಗಳ ಮೇಲೆ 2012ರಲ್ಲಿ ಮಾಡಿದ ಲೆಕ್ಕದಲ್ಲಿ 20 ವರ್ಷದ ತಂದೆಯಿಂದ ಸುಮಾರು 25, 40 ವರ್ಷದ ತಂದೆಯಿಂದ ಸುಮಾರು 65 ಹೊಸ ಬದಲಾವಣೆಗಳು ಬಂದಿದ್ದವು. ಸ್ಕಿಜೋಫ್ರೇನಿಯಾ ಇರುವವರಿಗೆ ಮಕ್ಕಳಾಗುವುದು ಕಡಿಮೆಯಾದರೂ ಕಾಯಿಲೆ ಜನರಲ್ಲಿ ಅಳಿದುಹೋಗದೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. ತೀವ್ರ ಪರಿಣಾಮದವು ಒಂದೆರಡು ತಲೆಮಾರಿಗೆ ನಿಂತುಹೋದರೂ ಹೊಸವು ಹುಟ್ಟುತ್ತಿರುತ್ತವೆ. ಡಿಲೀಶನ್ ಇಲ್ಲದಿದ್ದರೂ ನಿಮ್ಮ ಪ್ರಶ್ನೆಗೆ ಉತ್ತರವಿದೆ: ಅಪ್ಪನಲ್ಲಿ ಒಂದಷ್ಟು, ಅಮ್ಮನಲ್ಲಿ ಒಂದಷ್ಟು ಸಣ್ಣ ಬದಲಾವಣೆಗಳಿದ್ದು ಇಬ್ಬರೂ ಆರೋಗ್ಯವಾಗಿದ್ದು, ಒಬ್ಬ ಮಗನಲ್ಲಿ ಅವು ಹೆಚ್ಚಾಗಿ ಸೇರಿರಬಹುದು. ಈ ಕಾಯಿಲೆ ಇರುವ ಬಹಳಷ್ಟು ಜನರಿಗೆ ಹತ್ತಿರದ ನೆಂಟರಲ್ಲಿ ಯಾರಿಗೂ ಅದು ಇರುವುದಿಲ್ಲ.

ಜೀನ್ ಒಂದೇ ಎಲ್ಲವೂ ಅಲ್ಲ. ಸ್ಕಿಜೋಫ್ರೇನಿಯಾದ ಆನುವಂಶಿಕತೆ ಶೇ. 80 ಎಂದು ನೀವು ಓದಿರಬಹುದು. ನಿಮಗೆ ಬರುವ ಸಾಧ್ಯತೆ ಶೇ. 80 ಎಂದು ಅದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ಕೆಲವರಿಗೆ ಬಂದು ಕೆಲವರಿಗೆ ಬಾರದಿರುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಎಂಬ ಅಂದಾಜು ಅದು. ಡೆನ್ಮಾರ್ಕಿನ ಅವಳಿಗಳ ಅಧ್ಯಯನವೇ ಈ ಅಂದಾಜನ್ನು ಶೇ. 79 ಎಂದು ಕೊಟ್ಟಿತು. ಅದೇ ಅಧ್ಯಯನದಲ್ಲಿ, ಒಂದೇ ಡಿಎನ್‌ಎ ಇರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ ಇನ್ನೊಬ್ಬರಿಗೂ ಇದ್ದದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಹೆರಿಗೆಯಲ್ಲಿ ಆಮ್ಲಜನಕದ ಕೊರತೆ, ತಾಯಿಯ ಗರ್ಭಾವಸ್ಥೆಯಲ್ಲಿ ತೀವ್ರ ಹಸಿವು, ಬಾಲ್ಯದ ಹಿಂಸೆ, ಹರೆಯದಲ್ಲಿ ಗಾಂಜಾ ಸೇವನೆ ಇವೆಲ್ಲ ಅಪಾಯ ಏರಿಸುವವೇ. ನಮ್ಮ ಕೈಯಲ್ಲಿ ಇರುವುದು ಮುಖ್ಯವಾಗಿ ಕೊನೆಯದು.

ಇನ್ನು ಟೆಸ್ಟ್. ಅಣ್ಣನನ್ನು ನೋಡುತ್ತಿರುವ ಮನೋವೈದ್ಯರಿಗೆ ಹೃದಯದ ಆಪರೇಷನ್ ಮತ್ತು ಮಾತಿನ ವಿಷಯ ಹೇಳಿ, ಎಲ್ಲ ಕ್ರೋಮೋಸೋಮ್‌ಗಳಲ್ಲಿ ತುಣುಕಿನ ಕೊರತೆ ಹೆಚ್ಚಳ ಹುಡುಕುವ ‘ಕ್ರೋಮೋಸೋಮಲ್ ಮೈಕ್ರೋಅರೇ’ ಪರೀಕ್ಷೆ ಬರೆದುಕೊಡಲು ಕೇಳಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವು ಮಿಲಿಲೀಟರ್ ರಕ್ತ ಸಾಕು, ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ, ಮಾತ್ರೆ ನಿಲ್ಲಿಸಬೇಕಿಲ್ಲ. ಜನ ಎಡವುವುದು ಟೆಸ್ಟ್ ಆರಿಸುವಾಗ. ‘ಕ್ಯಾರಿಯೋಟೈಪ್’ ಅಗ್ಗವೆಂದು ಮಾಡಿಸಿ, ನಾರ್ಮಲ್ ಬಂತೆಂದು ಸುಮ್ಮನಾಗುತ್ತಾರೆ. ಆದರೆ ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮ್ ನೋಡುವ ಆ ಪರೀಕ್ಷೆಗೆ 50 ಲಕ್ಷದಿಂದ ಒಂದು ಕೋಟಿ ಅಕ್ಷರಗಳಿಗಿಂತ ಸಣ್ಣ ಕೊರತೆ ಕಾಣುವುದೇ ಇಲ್ಲ. ಇದು ಇರುವುದೇ 30 ಲಕ್ಷ. ಹೊಳೆಯುವ ಗುರುತು ಅಂಟಿಸಿ ನೋಡುವ ‘ಫಿಶ್’ ಪರೀಕ್ಷೆ ಸಾಮಾನ್ಯ ಡಿಲೀಶನ್ ಹಿಡಿಯುತ್ತದೆ, ಆದರೆ ಅದರ ಗುರುತು ಕೂರುವುದು ‘ಎ’ ಮತ್ತು ‘ಬಿ’ ಪಟ್ಟಿಗಳ ನಡುವೆ. ಆಚೆ ಕಡೆಯ ಸಣ್ಣ ಡಿಲೀಶನ್ ತಪ್ಪಿಹೋಗಬಹುದು. ಹಣದ ಅಡಚಣೆ ಇದ್ದರೆ ‘ಎಂಎಲ್‌ಪಿಎ’ ಕೇಳಿ, ಅದು ಈ ಜಾಗದ ಹಲವು ಬಿಂದುಗಳನ್ನು ಒಟ್ಟಿಗೆ ನೋಡುತ್ತದೆ. ಮೈಕ್ರೋಅರೇಯ ಲಾಭವೆಂದರೆ 22 ಸರಿಯಿದ್ದರೂ ಮೇಲೆ ಹೇಳಿದ ಇತರ ಜಾಗಗಳ ಕೊರತೆ ಹೆಚ್ಚಳಗಳೂ ಅದೇ ರಕ್ತದಲ್ಲಿ ಗೊತ್ತಾಗುತ್ತವೆ.

ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು ಜಾಗದ ಸಂಖ್ಯೆಯ ಕೊನೆಗೆ ಇರುವ ಗುಣಾಕಾರದ ಗುರುತು. 22ಕ್ಯೂ11.21ರ ಮುಂದೆ ×1 ಎಂದಿದ್ದರೆ ಒಂದೇ ಪ್ರತಿ ಉಳಿದಿದೆ, ಅಂದರೆ ಡಿಲೀಶನ್ ಇದೆ. ×3 ಎಂದಿದ್ದರೆ ಹೆಚ್ಚುವರಿ. ಪಕ್ಕದಲ್ಲಿ ‘ಪ್ಯಾಥೋಜೆನಿಕ್’ ಎಂದಿದ್ದರೆ ಕಾಯಿಲೆಗೆ ಕಾರಣವಾಗುವಂಥದ್ದು. ‘ವಿಯುಎಸ್’ ಎಂದಿದ್ದರೆ ಅದರ ಅರ್ಥ ಸದ್ಯಕ್ಕೆ ತಿಳಿದಿಲ್ಲ ಎಂದಷ್ಟೇ. ವಿಯುಎಸ್ ಹಿಡಿದು ಮದುವೆ ಮುರಿಯುವುದು, ಮಾತ್ರೆ ಬದಲಿಸುವುದು, ಮನೆಮಂದಿಗೆಲ್ಲ ಟೆಸ್ಟ್ ಮಾಡಿಸುವುದು ಯಾವುದೂ ಬೇಡ.

ಡಿಲೀಶನ್ ಇದೆಯೆಂದು ಬಂದರೆ ಅಣ್ಣನ ಚಿಕಿತ್ಸೆಯಲ್ಲಿ ನಿಜವಾಗಿಯೂ ಬದಲಾಗುವ ಸಂಗತಿಗಳಿವೆ, ಈ ಪರೀಕ್ಷೆಗೆ ನಾನು ಒತ್ತು ಕೊಡುವುದು ಅದಕ್ಕೇ. ಸ್ಕಿಜೋಫ್ರೇನಿಯಾದ ಮಾತ್ರೆಗಳು ಅವರಿಗೂ ಕೆಲಸ ಮಾಡುತ್ತವೆ, ನಿಲ್ಲಿಸುವಂತಿಲ್ಲ. ಆದರೆ ಪ್ಯಾರಾಥೈರಾಯ್ಡ್ ದುರ್ಬಲವಾಗಿದ್ದು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದ್ದರೆ ಫಿಟ್ಸ್ ಬರಬಹುದು, ಬೇರೆ ಮಾತ್ರೆ ನಾಟದಾಗ ಕೊಡುವ ಕ್ಲೋಜಪಿನ್ ಮಾತ್ರೆಯೂ ಫಿಟ್ಸ್ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಎರಡೂ ಒಟ್ಟಾದರೆ ಕಷ್ಟ. ಹಾಗಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು), ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ), ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದನ್ನು ಮೊದಲು ಸರಿಪಡಿಸಿ, ಕ್ಲೋಜಪಿನ್ ಬೇಕಾದಲ್ಲಿ ಸಣ್ಣ ಪ್ರಮಾಣದಿಂದ ನಿಧಾನಕ್ಕೆ ಏರಿಸುತ್ತಾರೆ. ಆಪರೇಷನ್, ಸೋಂಕು, ಮದ್ಯ ಇವುಗಳ ಸಂದರ್ಭದಲ್ಲಿ ಕ್ಯಾಲ್ಸಿಯಂ ಥಟ್ಟನೆ ಇಳಿಯಬಹುದು. ಇನ್ನೊಂದು ಅಂಶ, ಈ ಡಿಲೀಶನ್ ಇದ್ದವರಿಗೆ ಪಾರ್ಕಿನ್ಸನ್ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬರುವ ಸಾಧ್ಯತೆ ಹೆಚ್ಚು. ಮುಂದೆ ಕೈನಡುಕ ಕಂಡರೆ ‘ಮಾತ್ರೆಯ ಅಡ್ಡಪರಿಣಾಮ’ ಎಂದು ತಳ್ಳಿಹಾಕದೆ ನರರೋಗ ತಜ್ಞರಿಗೆ ತೋರಿಸಿ. ಶಾಲೆಯಲ್ಲಿ ಲೆಕ್ಕ ಹತ್ತಲಿಲ್ಲ, ಹೇಳಿದ ಕೆಲಸ ಮಾಡಲಿಲ್ಲ ಎಂದು ಬೈಸಿಕೊಂಡಿದ್ದರೆ, ಅದರಲ್ಲೂ ಈ ಡಿಲೀಶನ್ನಿನ ಪಾಲಿದ್ದಿರಬಹುದು.

ನಿಮ್ಮ ವಿಷಯಕ್ಕೆ ಬಂದರೆ, ಅಣ್ಣನಲ್ಲಿ ಡಿಲೀಶನ್ ಸಿಗುವುದು ನಿಮಗೆ ಕೆಟ್ಟ ಸುದ್ದಿಯಲ್ಲ. ಮುಂದಿನ ಹೆಜ್ಜೆ ಅಪ್ಪ ಅಮ್ಮನ ರಕ್ತ ಪರೀಕ್ಷೆ. ಇಬ್ಬರಲ್ಲೂ ಇಲ್ಲದಿದ್ದರೆ ಅದು ನಿಮ್ಮಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ, ಅಣ್ಣನ ಕಾಯಿಲೆಯ ಮುಖ್ಯ ಕಾರಣ ನಿಮ್ಮತ್ತ ಬಂದಿಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ನಿಮಗೂ ಇರುವ ಸಾಧ್ಯತೆ ಅರ್ಧಕ್ಕರ್ಧ, ಆಗ ಮಾತ್ರ ನೀವು ಪರೀಕ್ಷೆ ಮಾಡಿಸಿ. ಲಕ್ಷಣಗಳು ಬಹಳ ಸೌಮ್ಯವಾಗಿದ್ದು, ಮಗುವಿಗೆ ಪರೀಕ್ಷೆ ಮಾಡಿಸಿದ ಮೇಲೆ ತಮಗೂ ಇದೆಯೆಂದು ಗೊತ್ತಾದ ಹೆತ್ತವರಿದ್ದಾರೆ. ನಿಮ್ಮಲ್ಲಿ ಡಿಲೀಶನ್ ಇದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಹೋಗುವ ಸಾಧ್ಯತೆ ಅರ್ಧ. 11ರಿಂದ 13 ವಾರದ ನಡುವೆ ಕೋರಿಯಾನಿಕ್ ವಿಲ್ಲಸ್, ಅಂದರೆ ಮಾಸಿನ ಸಣ್ಣ ಚೂರಿನ, ಅಥವಾ 16 ವಾರದ ಹೊತ್ತಿಗೆ ಗರ್ಭಜಲದ ಪರೀಕ್ಷೆಯಿಂದ ತಿಳಿಯಬಹುದು. ಅದು ಡಿಲೀಶನ್ ಇದೆಯೇ ಎಂದು ಹೇಳುತ್ತದೆ, ಮಗುವಿಗೆ ಮುಂದೆ ಸ್ಕಿಜೋಫ್ರೇನಿಯಾ ಬರುತ್ತದೆಯೇ ಎಂದು ಹೇಳದು.

ಮೈಕ್ರೋಅರೇಯಲ್ಲಿ ಏನೂ ಸಿಗಲಿಲ್ಲವೆಂದರೆ ಕುಟುಂಬಗಳ ಸಾಮಾನ್ಯ ಲೆಕ್ಕ ಅನ್ವಯಿಸುತ್ತದೆ. ಯುರೋಪಿನ ಹಳೆಯ ಅಧ್ಯಯನಗಳ ಪ್ರಕಾರ ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಜನರಿಗೆ, ಅಣ್ಣ ತಂಗಿಯರ ಮಕ್ಕಳಲ್ಲಿ ನಾಲ್ಕು ಜನರಿಗೆ ಈ ಕಾಯಿಲೆ ಬರುತ್ತದೆ. ನಂತರದ ಕೆಲವು ಲೆಕ್ಕಗಳು ಇನ್ನೂ ಕಡಿಮೆ ಹೇಳುತ್ತವೆ. ನಿಮ್ಮ ಮಕ್ಕಳಿಗೆ ಬಾರದಿರುವ ಸಾಧ್ಯತೆ ನೂರರಲ್ಲಿ ತೊಂಬತ್ತಾರು ಎಂದೂ ಅದನ್ನೇ ಓದಬಹುದು. ಆದರೆ ನೀವು ಮದುವೆಯಾಗಲಿರುವವರು ಅಣ್ಣನಿಗೂ ಸೋದರಮಾವನ ಮಗನೇ. ಅಮ್ಮನ ತವರಿನಿಂದ ಬಂದ ಸಣ್ಣ ಬದಲಾವಣೆಗಳು ಮಗುವಿಗೆ ಎರಡೂ ಕಡೆಯಿಂದ ಸೇರಬಹುದಾದ್ದರಿಂದ ಮೇಲಿನ ನಾಲ್ಕು ತುಸು ಏರೀತು. ಇದಕ್ಕೆ ನಿಖರ ಸಂಖ್ಯೆ ಕೊಡುವಂಥ ಟೆಸ್ಟ್ ಇಲ್ಲ. ಸ್ಕಿಜೋಫ್ರೇನಿಯಾವನ್ನು ಬದಿಗಿಟ್ಟರೂ, ಸೋದರ ಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳಿಗೆ ಜನ್ಮಜಾತ ತೊಂದರೆಗಳ ಸಾಧ್ಯತೆ ಸಾಮಾನ್ಯವಾದ ಶೇ. 2–3ರಿಂದ ಶೇ. 4–6ಕ್ಕೆ ಏರುತ್ತದೆ. ಮದುವೆ ನಿಶ್ಚಯವಾಗುವ ಮುನ್ನ ಇಬ್ಬರೂ ಒಟ್ಟಿಗೆ ಜೆನೆಟಿಕ್ ಕೌನ್ಸೆಲರ್ ಬಳಿ ಕೂತು ಮಾತಾಡಲು ಆ ಕಾರಣವೊಂದೇ ಸಾಕು. ಬೇಡವೆನ್ನುವುದೂ ಬೇಕೆನ್ನುವುದೂ ನಿಮ್ಮಿಬ್ಬರಿಗೆ ಬಿಟ್ಟದ್ದು.

ಎಂಜಲಿನ ಕಿಟ್ ಏಕೆ ಬೇಡ? ಅಲ್ಲಿ ಸಾಮಾನ್ಯವಾಗಿ ಕಾಮ್ಟ್, ಎಂಟಿಎಚ್‌ಎಫ್‌ಆರ್‌ನಂಥ ಜೀನ್‌ಗಳ ಒಂದೆರಡು ಅಕ್ಷರ ನೋಡಿ ‘ಮಾನಸಿಕ ಆರೋಗ್ಯದ ಅಪಾಯ: ಮಧ್ಯಮ’ ಎಂದು ಬಣ್ಣದ ಪಟ್ಟಿ ಕೊಡುತ್ತಾರೆ. ಆ ಅಕ್ಷರಗಳಿಂದ ಸ್ಕಿಜೋಫ್ರೇನಿಯಾ ಮುನ್ಸೂಚಿಸಲಾಗದು. ಸಾವಿರಾರು ಜಾಗಗಳನ್ನು ಕೂಡಿಸಿ ‘ಪಾಲಿಜೆನಿಕ್ ಸ್ಕೋರ್’ ಕೊಡುವವರೂ ಇದ್ದಾರೆ. ಆ ಸ್ಕೋರಿನ ಹಿಂದಿರುವ 2022ರ ಅಧ್ಯಯನದಲ್ಲಿ ಭಾಗವಹಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಯುರೋಪಿಯನ್ ಮೂಲದವರು. ಅವರಲ್ಲೇ ಅದು ಕಾಯಿಲೆಯ ಅಪಾಯದ ವ್ಯತ್ಯಾಸದಲ್ಲಿ ಶೇ. 7ರ ಆಸುಪಾಸನ್ನಷ್ಟೇ ವಿವರಿಸುತ್ತದೆ. ನಮ್ಮವರಲ್ಲಿ ಇನ್ನೂ ಕಡಿಮೆ. ಭಾರತೀಯರ ಮಾಹಿತಿ ಈಗೀಗ ಸೇರುತ್ತಿದೆ. ದಕ್ಷಿಣ ಭಾರತದ ರೋಗಿಗಳ ಒಂದು ಅಧ್ಯಯನ 2019ರಲ್ಲಿ 8ನೇ ಕ್ರೋಮೋಸೋಮ್‌ನ ಒಂದು ಜಾಗವನ್ನು ತೋರಿಸಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಸ್ಥೆಗಳು ಸೇರಿ, ಒಂದೇ ಕುಟುಂಬದಲ್ಲಿ ಹಲವರಿಗೆ ಗಂಭೀರ ಮಾನಸಿಕ ಕಾಯಿಲೆ ಇರುವವರ ರಕ್ತದಿಂದ, ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶ ತಯಾರಿಸಿ, ಅದರಿಂದ ನರಕೋಶ ಬೆಳೆಸಿ ನೋಡುವ ಕೆಲಸ ನಡೆಸಿವೆ. ಇವು ಸಂಶೋಧನೆ, ನಿಮ್ಮ ಕೈಗೆ ರಿಪೋರ್ಟ್ ಬರುವ ಸೇವೆಯಲ್ಲ.

ಡಾಕ್ಟರ ಬಳಿ ಹೋಗುವಾಗ ಹೃದಯದ ಆಪರೇಷನ್ನಿನ ಡಿಸ್ಚಾರ್ಜ್ ಸಮರಿ, ಹಳೆಯ ಎಕೋ ರಿಪೋರ್ಟ್, ಈಗಿನ ಮಾತ್ರೆಗಳ ಚೀಟಿ, ಅಣ್ಣನ ಶಾಲೆಯ ಅಂಕಪಟ್ಟಿ ಮತ್ತು ಚಿಕ್ಕಂದಿನ ಒಂದೆರಡು ಫೋಟೋ ತೆಗೆದುಕೊಂಡು ಹೋಗಿ. ಮುಖ ಉದ್ದ, ಕಿವಿ ಚಿಕ್ಕದು, ರೆಪ್ಪೆ ಮುಚ್ಚಿದಂಥ ಕಣ್ಣು, ಉದ್ದನೆಯ ಸಪೂರ ಬೆರಳು ಇವನ್ನು ಅನುಭವಿ ಕಣ್ಣು ಫೋಟೋದಲ್ಲೂ ಗುರುತಿಸುತ್ತದೆ. ಡಿಸ್ಚಾರ್ಜ್ ಸಮರಿ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಹೆಸರು, ವರ್ಷ ಕೊಟ್ಟು ಕೇಳಿ. ದಾವಣಗೆರೆಯಲ್ಲೇ ರಕ್ತ ತೆಗೆದು ಬೆಂಗಳೂರಿನ ಲ್ಯಾಬ್‌ಗೆ ಕಳಿಸಬಹುದು, ಅಣ್ಣನನ್ನು ಕರೆದುಕೊಂಡು ಪ್ರಯಾಣ ಮಾಡಲೇಬೇಕೆಂದಿಲ್ಲ. ಪರೀಕ್ಷೆ ಯಾವುದಕ್ಕೆ ಎಂದು ಅವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಈಗ ಸ್ಥಿರವಾಗಿದ್ದರೆ ಅವರೇ ನಿರ್ಧರಿಸಬಲ್ಲರು. ನಡುವೆ ಅವರ ಕಾಯಿಲೆ ಕೆರಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.